ಬೆಲೆಚೀಟಿ

ಲ್ಯಾಮಿಂಗ್ಟನ್ ರಸ್ತೆಯ ಹಿಂದಿನ ಗಲ್ಲಿ, ಮೂರನೆಯ ಮಾಳಿಗೆ,
ಹೀರಜಿ ಸೇಟರ ಗೋದಾಮಿನಲ್ಲಿ
ಇಪ್ಪತ್ತೆರಡು ವರ್ಷ ಹಾಡುಗಳಿಗೆ ಬೆಲೆ ಅಂಟಿಸಿದೆ.
ಕೈಯಲ್ಲಿ ಚೀಟಿ ಹೊಡೆಯುವ ಗನ್ನು:
ಟಕ್, ಮೂವತ್ತೆರಡು. ಟಕ್, ಮೂವತ್ತೆರಡು.
ರಾತ್ರಿ ವಿರಾರ್ ಲೋಕಲ್ಲಿನಲ್ಲಿ ನಿಂತೇ ಕಣ್ಣು ಹತ್ತಿದರೆ
ಹೆಬ್ಬೆರಳು ತನ್ನಷ್ಟಕ್ಕೆ ತಾನೇ
ಎದುರಿನವನ ಅಂಗಿಗುಂಡಿಗೆ ಬೆಲೆ ಹೊಡೆಯುತ್ತಿತ್ತು.

ಸೇಟು ಹೇಳುತ್ತಿದ್ದರು: "ಬಂಗೇರಾ, ಚೀಟಿ ನೆಟ್ಟಗಿರಲಿ,
ಹಾಡಿದವರ ಮುಖದ ಮೇಲೆ ಬೀಳದಿರಲಿ."

ಆಮೇಲೆ ಸೀಡಿ ಬಂತು.
ಕೈಗೆ ಹಗುರ, ಕಿಸೆಗೆ ಭಾರ, ನೂರಾ ಐವತ್ತು.
ಒಂದರಲ್ಲಿ ಒಳ್ಳೆಯ ಹಾಡು ಎರಡು,
ಉಳಿದ ಆರು ತೂಕಕ್ಕೆ ಸೇರಿಸಿದ ಕೊತ್ತಂಬರಿ ಕಡ್ಡಿ.
"ಆ ಎರಡೇ ಕೊಡಿ" ಎಂದ ಒಬ್ಬ ಕಾಲೇಜು ಹುಡುಗ.
ಬಿಡಿ ಮಾರುವುದಿಲ್ಲ ಎಂದೆವು, ನಕ್ಕೆವು ಕೂಡ.
ಹೊಲಿಗೆ ಬಿಚ್ಚಿದ್ದು ಅಂದೇ ಇರಬೇಕು.

ನೂರಾ ಐವತ್ತರ ಮೇಲೆ ತೊಂಬತ್ತೊಂಬತ್ತು,
ಅದರ ಮೇಲೆ ನಲವತ್ತೊಂಬತ್ತು,
ಆಮೇಲೆ ನೂರಕ್ಕೆ ಮೂರು.
ಚಾಳಿನ ಗೋಡೆಗೆ ಸುಣ್ಣ ಬಳಿದ ಹಾಗೆ ಚೀಟಿಯ ಮೇಲೆ ಚೀಟಿ.
ಕೊನೆಗೆ ಕುರ್ಲಾದ ಭಂಗಾರದವನು ತಕ್ಕಡಿ ತಂದ.
ಭೈರವಿ ಕಿಲೋಗೆ ಒಂಬತ್ತು, ಗಣಪತಿ ಆರತಿ ಒಂಬತ್ತು,
ಮದುವೆ ಬ್ಯಾಂಡೂ ಒಂಬತ್ತು.
ಇಷ್ಟು ಸಮಾನತೆ ಈ ಊರಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಸೇಟು ಕಿಟಕಿಯಿಂದ ಬೆರಳು ತೋರಿ ಬೈದರು:
"ಅಗೋ, ಅವನೇ ಕಳ್ಳ."
ಕೆಳಗೆ ಎರಡಡಿ ಅಗಲದ ಮೊಬೈಲ್ ಅಂಗಡಿ, ತೌಸೀಫನದು.
ಉಗುರಿನಷ್ಟು ಕಾರ್ಡಿಗೆ ಎರಡು ಸಾವಿರ ಹಾಡು, ಐವತ್ತು ರೂಪಾಯಿ.
ಜಗಳಕ್ಕೆಂದೇ ಮೆಟ್ಟಿಲು ಇಳಿದೆ.
ಅವನು ತಲೆ ಎತ್ತದೆ ಅಂದ:
"ಚಾಚಾ, ಕೇಳುವವರು ಹತ್ತು ಪಟ್ಟಾದರು,
ಕೊಳ್ಳುವವರು ಕರಗಿದರು.
ನಾನು ಈ ತಂತಿ ಚುಚ್ಚುವವನು ಅಷ್ಟೆ. ಕೊಡಿ ನಿಮ್ಮ ಫೋನು."
ಕೊಟ್ಟೆ.
ಸೇಟರಿಗೆ ಇದನ್ನು ಕೊನೆವರೆಗೂ ಹೇಳಲಿಲ್ಲ.

ಆ ಎರಡು ಸಾವಿರದಲ್ಲಿ ನಾನು ಒಬ್ಬಳನ್ನು ಹುಡುಕಿದೆ.
ಶಕುಂತಳಾ ಪಡವಳ, ಪರೇಲಿನ ಮಿಲ್ಲು ಚಾಳಿನವಳು,
ಬೀಸುಕಲ್ಲಿನ ಪದ ಹಾಡಿದವಳು.
ಒಂದೇ ಕ್ಯಾಸೆಟ್ಟು, ಐನೂರು ಪ್ರತಿ.
ಶ್ರಾವಣದಲ್ಲಿ ಒಮ್ಮೆ ಬಂದು ಬಾಗಿಲಲ್ಲೇ ನಿಂತು ಕೇಳಿದ್ದಳು:
"ನನ್ನದು ಎಷ್ಟು ಹೋಯಿತು?"
ವಾಪಸು ಬಂದದ್ದು, ಒಡೆದದ್ದು, ಪುಕ್ಕಟೆ ಹಂಚಿದ್ದು ಕಳೆದು
ಸೇಟು ಎಣಿಸಿದರು, ಅರವತ್ತೊಂದು ರೂಪಾಯಿ.
ಆಕೆ ಸೆರಗಿಗೆ ಗಂಟು ಹಾಕಲಿಲ್ಲ.
ಅದೇ ದುಡ್ಡಿಗೆ ತನ್ನದೇ ಎರಡು ಕ್ಯಾಸೆಟ್ಟು ಕೊಂಡಳು,
ಒಂದು ಸೊಸೆಗೆ, ಒಂದು ಮೊದಲ ಬಾರಿ ತನಗೆ.
ಮೂರು ರೂಪಾಯಿ ಕಡಿಮೆ ಬಿತ್ತು. ನಾನು ಹಾಕಿದೆ.
ಜನ್ಮದಲ್ಲಿ ಹಾಡಿಗೆಂದು ಕಿಸೆಯಿಂದ ಕೊಟ್ಟದ್ದು
ಅಷ್ಟೇ ಇದ್ದೀತು.

ತೌಸೀಫ ಹುಡುಕಿದ, ಇನ್ನೊಂದು ಡಿಸ್ಕು ಹಾಕಿ ಹುಡುಕಿದ.
ಇಲ್ಲ.
ಅವಳನ್ನು ಯಾರೂ ಕದ್ದಿರಲಿಲ್ಲ.

ತಕ್ಕಡಿಗೆ ಹೋಗದ ಹಾಗೆ ಒಂದನ್ನು
ಊಟದ ಡಬ್ಬಿಯಲ್ಲಿ ಇಟ್ಟು ತಂದಿದ್ದೆ.
ಈಗ ನಾಲಾಸೋಪಾರಾದ ಈ ಕೋಣೆಯಲ್ಲಿ
ಟೀವಿಯ ಮೇಲೆ ಕೂತಿದೆ.
ನಾಳೆ ಒಯ್ದು ಕೊಟ್ಟರೆ
ಹುಡುಗ ಸಂಜೆಯೊಳಗೆ ನೂರು ಕಿವಿಗೆ ಸುರಿಯುತ್ತಾನೆ, ಬಿಟ್ಟಿ.
ಕೊಡದಿದ್ದರೆ ರೀಲಿಗೆ ಬೂಷ್ಟು ಹತ್ತುತ್ತದೆ, ಪೂರ್ತಿ ಬೆಲೆಯಲ್ಲೇ.

ಚೀಟಿ ಇನ್ನೂ ನೆಟ್ಟಗಿದೆ,
ಮುಖಕ್ಕೆ ಎರಡು ಬೆರಳು ಕೆಳಗೆ.
ಉಗುರಿನಿಂದ ಅಂಚು ಎತ್ತಿ ನೋಡಿದೆ.
ಬರಲಿಲ್ಲ.
ಆ ಕಾಲದ ಅಂಟು.