ಅಚ್ಚು

ವಿಕ್ಟೋರಿಯಾ ಆಸ್ಪತ್ರೆಯಿಂದ ಕಲಾಸಿಪಾಳ್ಯದ ಕಡೆಗೆ
ಇಳಿಯುವ ಗಲ್ಲಿಯಲ್ಲಿ ನಮ್ಮದು ಆರಡಿ ಅಂಗಡಿ.
ಅಪ್ಪನ ಕಾಲಕ್ಕೆ ಮದುವೆಯ ಮೆಟ್ಟು, ಪೊಲೀಸರ ಬೂಟು;
ನನ್ನ ಕಾಲಕ್ಕೆ ಬರೀ ಶುಗರಿನವರ ಚಪ್ಪಲಿ.
ಮೆತ್ತನೆಯ ಕರಿ ರಬ್ಬರು, ಹಿಂದೊಂದು ಪಟ್ಟಿ,
ಮೊಳೆ ಮಾತ್ರ ಒಂದೂ ಇಲ್ಲ.

ಮೊದಲು ಹಾಳೆಯ ಮೇಲೆ ಪಾದ ಇಡಿಸುತ್ತೇನೆ.
ಪೆನ್ಸಿಲು ಸುತ್ತಿ ಬಂದರೆ ಕಾಲಿನ ಅಚ್ಚು.
ಬೆರಳ ಸಂದಿಗೆ ಅದು ನುಸುಳಿದಾಗ
ಕೆಲವರು ಕಾಲೆಳೆದುಕೊಂಡು ನಗುತ್ತಾರೆ.
ಕೆಲವರು ಗೋಡೆಯ ಕ್ಯಾಲೆಂಡರು ನೋಡುತ್ತ
ಕೂತೇ ಇರುತ್ತಾರೆ, ಪಾದ ಯಾರದೋ ಎಂಬಂತೆ.

ಕಂಡಕ್ಟರ್ ಸಣ್ಣೀರಯ್ಯ ಬಂದದ್ದು ಹೋದ ವರ್ಷ.
ಚಿಲ್ಲರೆ ಇಲ್ಲ, ಇಳೀರಿ ಎಂದು
ಇಪ್ಪತ್ತಾರು ವರ್ಷ ಗದರಿದವರು.
ಬೂಟು ಬಿಚ್ಚಿದರೆ ಒಳಗೊಂದು ರೂಪಾಯಿ!
ಮೊದಲ ಟ್ರಿಪ್ಪಿನಿಂದ ರಾತ್ರಿ ಡಿಪೋವರೆಗೆ
ಮೆಜೆಸ್ಟಿಕ್ಕಿಗೂ ಬನಶಂಕರಿಗೂ
ಅದರ ಮೇಲೇ ನಿಂತು ಹೋಗಿಬಂದಿದ್ದರು.
ಅಂಗಾಲಿನಲ್ಲಿ ಸಿಂಹದ ಅಚ್ಚು, ಪಕ್ಕದಲ್ಲಿ ನೀರುಗುಳ್ಳೆ.
"ನೋಯಲಿಲ್ವಾ ಅಣ್ಣ?"
"ಎರಡು ವರ್ಷದಿಂದ ಹತ್ತಿ ಮೇಲೆ ನಡೆದ ಹಾಗಿದೆ, ತಾಯಿ."
ನೋವು ಯಾವ ಸ್ಟಾಪಿನಲ್ಲಿ ಇಳಿದುಹೋಗಿತ್ತೋ
ಅವರಿಗೆ ನೆನಪಿರಲಿಲ್ಲ.

ಮಾಯಲು ನಾಲ್ಕು ತಿಂಗಳು. ಕಿರುಬೆರಳು ಆಸ್ಪತ್ರೆಯಲ್ಲೇ ಉಳಿಯಿತು.
ಆಮೇಲೆ ಬಂದು ಅವರೇ ವಿವರಿಸಿದರು:
"ರಕ್ತ ಅಂದ್ರೆ ರೋಡು, ಸಕ್ಕರೆ ಅಂದ್ರೆ ಪ್ಯಾಸೆಂಜರು.
ಸ್ಟಾಪು ಬಂತು, ಸೀಟಿ ಊದ್ತೀನಿ, ಡ್ರೈವರಿಗೆ ಕಿವಿ ಮಂದ.
ಬಾಗಿಲು ತೆಗೆಯಲ್ಲ. ಇನ್ನೂ ಜೋರಾಗಿ ಊದ್ತೀನಿ.
ಊದಿ ಊದಿ ನನ್ನ ಉಸಿರೇ ಬಿದ್ದುಹೋಗುತ್ತೆ.
ಅತ್ತ ಮನೆಮನೆಯಲ್ಲಿ ಹಸಿವು, ಇತ್ತ ಬಸ್ಸು ತುಂಬ ಜನ.
ಆ ಭಾರಕ್ಕೆ ಮೊದಲು ಕಿತ್ತು ಬರೋದು ಸಣ್ಣ ರೋಡುಗಳೇ,
ಕಣ್ಣಿನ ಹಿಂದಿನವು, ಕಿಡ್ನಿಯವು, ಈ ಕಾಲಿನ ಗಲ್ಲಿಗಳು."
ಸೀಟಿ ಎಲ್ಲಣ್ಣ ಅಂದೆ.
ಅಂಗಿಯೆತ್ತಿ ಹೊಟ್ಟೆಯ ಸೂಜಿಗುರುತು ತೋರಿಸಿದರು.
"ಈಗ ಹೊರಗಿಂದ ಊದಿಸ್ಕೋತೀನಿ. ದಿನಕ್ಕೆ ಎರಡು."

ಹೂವಿನ ಮುನಿಯಲ್ಲಮ್ಮ ಮಾತ್ರೆ ಬಿಟ್ಟು
ಹಾಗಲಕಾಯಿ ರಸ ನಂಬಿದ್ದಳು.
ಮುದ್ದೆ ತಾನೇ, ಎಷ್ಟು ನುಂಗಿದರೇನು ಎನ್ನುತ್ತಿದ್ದಳು.
ಮುಂದಿನ ಸಲ ಹಾಳೆಯ ಮೇಲೆ ಒಂದೇ ಕಾಲಿಟ್ಟಳು.
ಅರ್ಧ ದುಡ್ಡು ಇಸ್ಕೊಳ್ಳಲೇ, ಇಡೀ ಜೋಡಿಯದೇ,
ಕೇಳಲಾಗದೆ ಗಲ್ಲಾಪೆಟ್ಟಿಗೆ ಒರೆಸುತ್ತ ಕೂತೆ.

ನಾನಾದರೂ ಏನು?
ಬೆಳಗಿಂದ ಕೂತ ಕೆಲಸ, ಅಪ್ಪನಿಗಿದ್ದ ಕಾಯಿಲೆ,
ರಾತ್ರಿ ನಾಲ್ಕು ಸಲ ಎದ್ದರೂ ಸೆಕೆ ಎಂದುಕೊಂಡವಳು.
ಸೂಜಿಯೇ ಅನ್ನ ಕೊಟ್ಟರೂ ಬೆರಳು ಚುಚ್ಚಿಸಲು ಭಯ.

ಈ ಸಂಕ್ರಾಂತಿಗೆ ಪಕ್ಕದ ಮನೆ ಹುಡುಗಿ
ಎಳ್ಳು ಬೀರಲು ಬಂದಳು. ಸಕ್ಕರೆ ಅಚ್ಚು: ಒಂದು ಗಿಣಿ.
ಸಂಜೆಗೆ ಅದರ ಕೊಕ್ಕಿನ ತುಂಬ ಇರುವೆ.
ತಾತ ಮೂತ್ರ ಮಾಡಿದಲ್ಲೂ ಹೀಗೇ ಮುತ್ತುತ್ತಿದ್ದವಂತೆ,
ಆಗಿನ ಲ್ಯಾಬು ಅದೇ, ಎನ್ನುತ್ತಿದ್ದ ಅಪ್ಪ.

ಮರುದಿನ ಹೋದೆ. ಇನ್ನೂರ ಅರವತ್ತೆಂಟು.
ಮೂರು ತಿಂಗಳ ಲೆಕ್ಕದಲ್ಲಿ ಒಂಬತ್ತು ಚಿಲ್ಲರೆ.
ಸಣ್ಣೀರಯ್ಯ ನಕ್ಕರು:
"ಆ ಚಿಲ್ಲರೆ ವಾಪಸ್ ಕೊಡಬೇಕಮ್ಮ, ಒಂದೇ ಸಲ ಆಗಲ್ಲ.
ಊಟ ಆದಮೇಲೆ ಒಂದು ಸುತ್ತು ನಡಿ, ಅರ್ಧ ತಟ್ಟೆ ಸೊಪ್ಪು ತಿನ್ನು,
ಮಾತ್ರೆ ಮರೀಬೇಡ. ರಾತ್ರಿ ಕನ್ನಡಿ ಹಿಡಿದು
ಅಂಗಾಲು ನೋಡ್ಕೋ, ಮುಖ ಹೇಗೂ ನೋಡ್ಕೋತೀಯ."

ನನ್ನ ಅಳತೆ ನಾನೇ ತೆಗೆಯಲಾಗದು, ಹೊಟ್ಟೆ ಅಡ್ಡ.
ಪೆನ್ಸಿಲು ಅವರ ಕೈಗೆ ಕೊಟ್ಟು
ಹಾಳೆಯ ಮೇಲೆ ನಿಂತೆ, ಕ್ಯಾಲೆಂಡರಿಗೆ ಬೆನ್ನು ಮಾಡಿ.
ಹಿಮ್ಮಡಿ ಸುತ್ತಿತು, ಅಂಚು ಹಿಡಿದು ಬಂತು,
ಕಿರುಬೆರಳ ಸಂದಿಯಲ್ಲಿ ನಿಂತಿತು.
"ಗೊತ್ತಾಯ್ತಾ?"
ಅಂಗಡಿ ತುಂಬ ಗಿರಾಕಿಗಳು. ತಡೆಯಲಾಗಲಿಲ್ಲ.
"ಅಯ್ಯೋ ಬಿಡಣ್ಣ," ಅಂದೆ, "ಕಚಗುಳಿ."