ಎಡಕ್ಕ ಎಳೀತಿತ್ತು

ಮೈಂದರ್ಗಿ ರಸ್ತೇದಾಗ ಕೈ ಸಡಲ ಬಿಟ್ಟರ ಸಾಕು
ಗಾಡಿ ಎಡಕ್ಕ ಎಳೀತಿತ್ತು,
ಗ್ವಾದಲಿ ನೆನಪಾದ ಎತ್ತಿನ ಹಂಗ.

ಅರವತ್ತೆಂಟರ ಫಿಯಟ್ಟು. ಅಡತಿ ಅಂಗಡಿ ಮುಚ್ಚುವಾಗ
ನಿಂಬರ್ಗಿ ಸಾವಕಾರ ನನ್ನ ಮೂರು ವರ್ಷದ ಬಾಕಿಗೆ
ಕಿಲ್ಲಿ ಅಂಗೈಯಾಗ ಇಟ್ಟು 'ಲೆಕ್ಕ ಚುಕ್ತಾ' ಅಂದಿದ್ದ.
ನಾನು ದುಧನಿ ಪ್ಯಾಟ್ಯಾಗ ತಕ್ಕಡಿ ರಿಪೇರಿ ಮಾಡಾಂವ.
ಮುಳ್ಳು ಕೂದಲೆಳಿಯಷ್ಟು ಸರದರೂ ಕಣ್ಣಿಗೆ ಚುಚ್ಚತದ.
ಇನ್ನ ಇದು? ಎಡಗಡಿ ಟೈರು ಒಂದೇ ಅಂಚಿಗೆ ಬೋಳಾಗಿ
ತಂತಿ ತೋರಸಾಕ ಹತ್ತಿತ್ತು.

ಅಂಗಳದ ಫರಸಿ ಮ್ಯಾಲ ಜಾಕು ಏರಿಸಿ
ರೈಲ್ವೇದ ಹಳೇ ಸ್ಲೀಪರ್ ಎರಡು ಅಡ್ಡ ಇಟ್ಟೆ.
ಹಿಂದಿನ ಗಾಲಿಗೆ ಒತ್ತಾಗಿ ಇಪ್ಪತ್ತು ಕಿಲೋದ ಗುಂಡುಗಳು,
ಇನ್ಸ್‌ಪೆಕ್ಟರ್ ರದ್ದು ಮಾಡಿದವು,
ಮುನ್ನೂರು ಗ್ರಾಂ ಸುಳ್ಳು ಹೇಳಿ ಸಿಕ್ಕಿಬಿದ್ದವು.
ಇಲ್ಲಿ ಅವಕ್ಕ ಯಾರೂ ತೂಕ ಕೇಳಲಿಲ್ಲ.

ತಕ್ಕಡಿ ಸ್ಪ್ರಿಂಗು ತಪ್ಪಿದರ ಬೆರಳಿಗೆ ಚಿವುಟತದ.
ಇದು ನನ್ನ ರಟ್ಟಿಗಿಂತ ದಪ್ಪ; ಗಾಡಿಯ ಭಾರ ಹೊತ್ತು
ಐವತ್ತು ವರ್ಷ ಉಸಿರು ಹಿಡದು ಕುಂತದ್ದು.
ಸರಪಳಿ ಬಿಗದು, ಕೆಳಗಿನ ತೋಳಿಗೆ ಜಾಕು ಕೊಟ್ಟು
ಗುಲಗಂಜಿ ಗುಲಗಂಜಿ ಇಳಿಸಿದೆ.
ಭೌರವ್ವ ಹೊಸ್ತಿಲದಾಗ ನಿಂತು ಕೇಳಿದಳು:
'ವಿಮಾದ ಕಾಗದ ಯಾವ ಟ್ರಂಕಿನ್ಯಾಗ ಇಟ್ಟೀರಿ?'
ಸ್ಪ್ರಿಂಗು ಸಡಲಾಗಿ ತೆಪ್ಪಗ ಕೈಯಾಗ ಬಂತು.
ಆಮ್ಯಾಲೆ ನನ್ನ ಮಣಕಾಲು ನಡುಗಿದವು.

ಕಿಂಗ್‌ಪಿನ್ನು ಬರಲಿಲ್ಲ. ಒಂದು ದಿನ ಘಾಸಲೇಟು ಕುಡಿಸಿದೆ,
ಒಂದು ದಿನ ಬೈದೆ. ಮೂರನೇ ದಿನ
ಹಿತ್ತಾಳಿ ಸರಳು ಇಟ್ಟು ಸುತಗಿ ಹೊಡದರ
ಓಣಿ ನಾಯಿ ಎಲ್ಲಾ ಎದ್ದು ನಿಂತವು, ಅದು ಏಳಲಿಲ್ಲ.
ಊಟಕ್ಕ ಕುಂತಾಗ, ಯಾರೂ ಮುಟ್ಟದೆ,
ತಾನೇ ಠಣ್ ಅಂತ ಫರಸಿ ಮ್ಯಾಲ ಬಿತ್ತು.
ರಬ್ಬರು ಬುಷ್ಷು ಹಳೇ ಬೆಲ್ಲ ಉದುರಿದಂಗ ಉದುರಿದವು.
ಹೊಸವು ಸೋಲಾಪುರದಿಂದ ತಂದೆ.
ಬಸ್ಸಿನ ಚಾರ್ಜೇ ಜಾಸ್ತಿ ಆತು.

ಮ್ಯಾಲಿನ ತೋಳಿನ ಬುಡಕ್ಕ ಶಿಮ್ಮು ಇರತಾವ.
ಗಾಲಿ ಎಷ್ಟು ವಾಲಬೇಕು ಅನ್ನೂದು
ಆ ತಗಡಿನ ಚೂರುಗಳ ಮಾತು.
ಬಲಕ್ಕ ಮೂರು, ಕಂಪನೀವು. ಎಡಕ್ಕ ಕಂಪನೀವು ಎರಡೇ,
ಮೂರನೇದು ಯಾರೋ ಕತ್ರಿಯಿಂದ ಕಡದದ್ದು.
ಬಾಜೂ ಮನಿ ತಸ್ಲೀಮಾ ಘಾಸಲೇಟಿನ್ಯಾಗ ಅದ್ದಿ ತಿಕ್ಕಿದಳು:
ಮೊದಲು ನೀಲಿ ಎದ್ದಿತು, ಆಮ್ಯಾಲೆ ಬಿಳೇ ಗೀಟು.
'ಮಾಮಾ, ಇದರ ಮ್ಯಾಲ ಏನೋ ಬರದದ.'
ಅವಳದು ಮರಾಠಿ ಸಾಲಿ,
ನೆತ್ತಿ ಮ್ಯಾಲಿನ ನೆಟ್ಟಗಿನ ಗೆರಿ ಹುಡುಕಿದಳು.
ಇದು ಹಂಗಲ್ಲ, ತುದಿಗೆ ಮ್ಯಾಲಕ್ಕ ಹೊಳ್ಳಿದ ಗೆರಿ,
ಕನ್ನಡದ ತಲಕಟ್ಟು.
ಕೆಳಗಿನ ಅಕ್ಷರ ಕತ್ರಿಗೆ ಹೋಗಿತ್ತು.
ಕ ಇರಬಹುದು, ನ ಇರಬಹುದು, ತ.
ಯಾವ ಬೋರ್ಡು ಕಡದಿದ್ನೋ ಆ ಮಿಸ್ತ್ರಿ,
ಸಾಲೀದೋ, ಹತ್ತಿ ಜಿನ್ನಿಂದೋ, ಹಿಟ್ಟಿನ ಗಿರಣೀದೋ.
ಬೋರ್ಡು ಬದಲಾಗೂ ಊರಾಗ
ಹಳೇ ತಗಡಿಗೇನು ಬರ.

ಮೈಕ್ರೋಮೀಟರ್ ಹಿಡದೆ. ತುಕ್ಕು ತಿಂದು ಅರ್ಧ ಉಳದಿತ್ತು.
'ಹೊಸಾದು ಹಾಕ್ರಿ' ಅಂದಳು ತಸ್ಲೀಮಾ.
ಅದೇ ಸರಿ. ಆದರ ನಾನು
ಅಕ್ಕಸಾಲಿಗರ ತಕ್ಕಡಿಗೆ ಅಂತ ಉಳಿಸಿದ್ದ ಹಿತ್ತಾಳಿ ಹಾಳಿ ಕಡದು
ನೀಲಿ ತಗಡಿನ ಬೆನ್ನಿಗೆ ಇಟ್ಟು
ಎರಡೂ ಕೂಡಿಸಿ ಬಿಗದೆ.
ಗ್ರೀಸು. ಸ್ಪ್ಲಿಟ್ ಪಿನ್ನು. ಗೌಂಡಿ ಮಲ್ಲಪ್ಪನ ಓಳಂಬಿ ತಂದು
ಗಾಲಿ ಮುಂದ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ
ಎರಡು ಬೀಡಿ ಮುಗಿಯೂ ತನಕ ನೋಡಿದೆ.

ಐತವಾರ ಭೌರವ್ವ ಮುಂದ, ತಸ್ಲೀಮಾ ಹಿಂದ.
ಅದೇ ಮೈಂದರ್ಗಿ ರಸ್ತೆ. ಕೈ ಬಿಟ್ಟೆ.
ಹುಡುಗಿ ಎಣಿಸಾಕ ಹತ್ತಿದಳು: ಏಕ, ದೋನ, ತೀನ...
ಹನ್ನೊಂದಾದರೂ ಗಾಡಿ ನೆಟ್ಟಗ.
'ಸಾಕ್ರಿ, ಇನ್ನ ಹಿಡೀರಿ' ಅಂದಳು ಭೌರವ್ವ.
ಹಿಡದೆ. ತಟ್ಟನ ಬಲಕ್ಕ ಹೊಳ್ಳಿ
ಕಬ್ಬಿನ ಟ್ರ್ಯಾಕ್ಟರು ಮೊಳ ಅಂತರದಾಗ ತಪ್ಪಿತು.
ಡ್ರೈವರ್ ಮರಾಠಿಯೊಳಗ ಸುರು ಮಾಡಿ
ಕನ್ನಡದಾಗ ಬೈದು ಮುಗಿಸಿದ.

ಗಾಡಿ ಸುದ್ದ ಆಗಿತ್ತು.
ಎರಡು ವರ್ಷದ ರೂಢಿ,
ಎಳೀತಿದ್ದದ್ದು ನನ್ನ ಕೈ.