ನಾಲ್ಕು ಗುಂಡಿ

ಬೈಕಂಪಾಡಿ. ರಾತ್ರಿ ಎರಡೂ ಇಪ್ಪತ್ತು.
ತಾಳೆ ಎಣ್ಣೆಯ ಜಿಡ್ಡು ಹತ್ತಿದ ಗ್ರೇಟಿಂಗಿನ ಮೇಲೆ
ಮೊಣಕಾಲೂರಿ ಕುಳಿತಿದ್ದೇನೆ, ಹಣೆಗೆ ದೀಪ ಕಟ್ಟಿ,
ನೂರಾ ಹದಿನಾಲ್ಕನೆಯ ಸ್ಟೀಮ್ ವಾಲ್ವಿನ ಎದುರು.

ಹಳೆಯ ಪೊಸಿಷನರ್ ನಿನ್ನೆ ಸತ್ತಿತು.
ಒಳಗೆ ಕ್ಯಾಮು, ಬೆಲ್ಲೋಸು, ಕೂದಲೆಳೆಯಂಥ ನಾಝಲು.
ಉಮ್ಮರಬ್ಬನವರು ಅದನ್ನು ಕೈಗಡಿಯಾರದ ಹಾಗೆ
ಹರಿದ ಬನಿಯನ್ನಿನಲ್ಲಿ ಸುತ್ತಿ ಬದಿಗಿಟ್ಟಿದ್ದಾರೆ.
"ಬಿಸಾಡ್ಬೇಡಿ ಆಯ್ತಾ, ಸ್ಪೇರ್ ಆಗ್ತದೆ."
ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಹೊಸದರ ಮುಖದಲ್ಲಿ ಬೆಂಕಿಪೊಟ್ಟಣದಗಲದ ಗಾಜು,
ಕೆಳಗೆ ನಾಲ್ಕು ಗುಂಡಿ: ಮೇಲೆ, ಕೆಳಗೆ, ಒಳಗೆ, ಹೊರಗೆ.
ಇಷ್ಟರಲ್ಲೇ ಎಲ್ಲ ಹೇಳಬೇಕು.
ಗ್ಲೌಸಿನ ಬೆರಳು ಒಂದರ ಬದಲು ಎರಡು ಒತ್ತುತ್ತದೆ;
ಕಳಚಿದರೆ ಕಬ್ಬಿಣ ಚುರ್ ಎನ್ನುತ್ತದೆ.
ಪಾಸ್‌ವರ್ಡ್ ನಾಲ್ಕು ಸೊನ್ನೆ. ಯಾರೂ ಬದಲಿಸುವುದಿಲ್ಲ.

ಮೊದಲು ಕೇಳಿದ್ದೇ ಜಾತಿ:
ನೆಟ್ಟಗೆ ಏರಿಳಿಯುವುದೋ, ತಿರುಗುವುದೋ?
ಇಲ್ಲಿ ಮಾತ್ರ ಸಂಕೋಚವಿಲ್ಲದೆ ಹೇಳಿದೆ.
ಆಮೇಲೆ ದಿಕ್ಕು: ಸಿಗ್ನಲ್ ಏರಿದರೆ ತೆರೆಯಲೋ, ಮುಚ್ಚಲೋ?
ಆಮೇಲೆ ಡೆಡ್‌ಬ್ಯಾಂಡ್:
ಎಷ್ಟು ತಪ್ಪನ್ನು ಕಂಡೂ ಕಾಣದ ಹಾಗಿರಲಿ?
ಅರ್ಧ ಶೇಕಡಾ, ಎಂದೆ.
ಇನ್ನೂ ಕಡಿಮೆ ಇಟ್ಟರೆ ರಾತ್ರಿಯಿಡೀ ನಡುಗುತ್ತದೆ,
ನಮ್ಮ ಸೆವ್ರಿನ್ ಮಾವ್ಶಿ ಗೋಡೆಯ ಫೋಟೋ ಸರಿಮಾಡಿದ ಹಾಗೆ,
ಎಡಕ್ಕೆ ಎಳ್ಳಷ್ಟು, ಬಲಕ್ಕೆ ಎಳ್ಳಷ್ಟು,
ಮೊಳೆ ಕಿತ್ತು ಬರುವ ತನಕ.

ಈಗ ಅದು ತನ್ನನ್ನು ತಾನೇ ಅಳೆದುಕೊಳ್ಳಬೇಕು.
ಎರಡೂ ಬದಿ ಬಂದ್ ಮಾಡಿ ಹಬೆಯನ್ನು ಬೈಪಾಸಿಗೆ ತಿರುಗಿಸಿದ್ದೇವೆ;
ಅಲ್ಲಿ ಚಕ್ರ ಹಿಡಿದು ನಿಂತಿದ್ದಾನೆ ಪ್ರಖ್ಯಾತ್,
ಕೆಲಸಕ್ಕೆ ಸೇರಿ ಒಂಬತ್ತು ದಿನ.
ಉಸ್ಸೆಂದು ಗಾಳಿ ತುಂಬಿತು. ಸ್ಟೆಮ್ ಏರಿತು,
ತುದಿಗೆ ತಾಗಿತು: ಇದು ನೂರು.
ಇಳಿದು ಸೀಟಿನಲ್ಲಿ ಕುಳಿತಿತು: ಇದು ಸೊನ್ನೆ.
ಎರಡು ಕೊನೆ ಗೊತ್ತಾದರೆ ನಡುವಿನದೆಲ್ಲ ಲೆಕ್ಕ
ಎಂಬ ಧೈರ್ಯ ಯಂತ್ರಕ್ಕೆ.
ಗಾಜಿನಲ್ಲಿ ಮೂಡಿತು: ಓಕೆ.

"ಎಂತ ಓಕೆ?" ಉಮ್ಮರಬ್ಬ ಕೇಳಿದರು.
ಅವರಿಗೆ ಆ ಅಕ್ಷರ ಕಾಣುವುದಿಲ್ಲ, ಕನ್ನಡಕ ಲಾಕರಿನಲ್ಲಿ ಉಂಟು.
ಎಡಗೈಯ ಉಂಗುರಬೆರಳು ಅರ್ಧವೇ;
ಉಳಿದರ್ಧವನ್ನು ಹಿಂದೊಂದು ಫ್ಯಾಕ್ಟರಿಯಲ್ಲಿ
ಇಂಥದ್ದೇ ಸ್ಟೆಮ್ಮು ಇಟ್ಟುಕೊಂಡಿತು.
ಹಾಗಾಗಿ ಕೈ ಹಾಕುವುದಿಲ್ಲ. ಸ್ಕ್ರೂಡ್ರೈವರಿನ ತುದಿ ಬಾನೆಟ್ಟಿಗೆ,
ಹಿಡಿ ಕಿವಿಗೆ. ಕಣ್ಣು ಮುಚ್ಚಿದರು.
"ನಿಧಾನ ಕೊಡ್ಲಿಕ್ಕೆ ಹೇಳಿ."

ವಾಕಿಟಾಕಿಯಲ್ಲಿ ಶಶಿರೇಖಾ ಎಣಿಸುತ್ತಾಳೆ:
ನಾಲ್ಕು ಮಿಲಿಆಂಪ್. ಆರು. ಎಂಟು. ಹತ್ತು.
ಹತ್ತು ಪಾಯಿಂಟ್ ನಾಲ್ಕು...
"ಅಲ್ಲಿ! ಅಲ್ಲಿ ಹಿಡೀತದೆ. ಕೇಳ್ಲಿಲ್ವಾ?"
ನನಗೆ ಕೇಳಿದ್ದು ಪಂಪು, ಬಾಯ್ಲರು,
ಪಣಂಬೂರಿನ ಕಡೆ ಗೇರು ಬದಲಿಸುವ ಟ್ಯಾಂಕರು.
ಸ್ಕ್ರೂಡ್ರೈವರನ್ನು ನನ್ನ ಕಿವಿಗೆ ಒತ್ತಿದರು.
ಮತ್ತೆ ಹತ್ತು. ಹತ್ತು ಪಾಯಿಂಟ್ ನಾಲ್ಕು:
ಗಂಟಲಲ್ಲಿ ಬೂತಾಯಿಯ ಮುಳ್ಳು ಸಿಕ್ಕವನು
ಉಗುಳು ನುಂಗಿದ ಸದ್ದು.

ಗ್ಲ್ಯಾಂಡಿನ ನಟ್ಟು ಕಾಲು ಸುತ್ತು ಸಡಿಲಿಸಿದರು.
"ಯಾರೋ ಉಮೇದಿನಲ್ಲಿ ಬಿಗಿದದ್ದು," ಎಂದರು, ಅಷ್ಟೇ.
ಕಳೆದ ವಾರದ ಪರ್ಮಿಟ್ಟಿನಲ್ಲಿ ನನ್ನ ಸಹಿ ಉಂಟು.
ಅವರು ಅದನ್ನು ನೋಡಿಲ್ಲವೋ,
ಅವರ ಡೆಡ್‌ಬ್ಯಾಂಡ್ ದೊಡ್ಡದೋ.

ಮತ್ತೊಮ್ಮೆ ಅಳತೆ. ಮತ್ತೆ ಓಕೆ,
ಅವೇ ಎರಡು ಅಕ್ಷರ, ಅದೇ ಮುಖ.

"ಇನ್ನೊಂದು ಉಂಟು," ಎಂದು ಗಾಳಿಯ ಕಾಕ್ ಮುಚ್ಚಿದರು.
ಗಾಳಿಯೇ ಹೋದರೆ ಎಲ್ಲಿಗೆ ಹೋಗಬೇಕೆಂದು
ಮೆನುವಿನಲ್ಲಿ ಬರೆಯಲು ಜಾಗವಿಲ್ಲ.
ಹುಡುಕಿದ್ದೇನೆ: ಮೇಲೆ, ಕೆಳಗೆ, ಒಳಗೆ, ಹೊರಗೆ.
ಅದು ಸ್ಪ್ರಿಂಗಿಗೆ ಗೊತ್ತು, ಕಟ್ಟಿದ ದಿನದಿಂದ.
ಗಾಜು ಏನನ್ನೋ ಮಿನುಗಿಸುತ್ತಿರುವಾಗಲೇ
ಸ್ಟೆಮ್ ಎಲ್ಲೂ ತಡೆಯದೆ ಇಳಿದು
ಬಾಗಿಲು ಹಾಕಿಕೊಂಡಿತು.

ಲಾಗ್‌ಬುಕ್ಕಿನಲ್ಲಿ ಬರೆದೆ: ಡೆಡ್‌ಬ್ಯಾಂಡ್ ಅರ್ಧ.
ಗ್ಲ್ಯಾಂಡ್ ಕಾಲು ಸುತ್ತು. ಸೊನ್ನೆ, ನೂರು ಸರಿ.
ಕಿವಿಯಿಂದ ಪರೀಕ್ಷಿಸಿದ್ದಕ್ಕೆ ಕಾಲಂ ಇರಲಿಲ್ಲ,
ಅಂಚಿನಲ್ಲಿ ಹೆಸರು ಹಾಕಿದೆ.

ಕೆಳಗಿಳಿದು ನೋಡಿದರೆ
ಪ್ರಖ್ಯಾತ್ ಇನ್ನೂ ಚಕ್ರ ಹಿಡಿದೇ ನಿಂತಿದ್ದ.
ಬಿಡು ಎಂದು ಯಾರೂ ಹೇಳಿರಲಿಲ್ಲ.